ಹಿಂದಿನ ಸೀಟಿನಲ್ಲಿ ಅಪ್ಪನ ಕೋವಿ

2019ರ ಸೆಪ್ಟೆಂಬರ್ 2, ಗಣೇಶನ ಹಬ್ಬದ ಸಂಜೆ. ಮಾರನೇ ದಿನ ಕೈಲ್‌ಪೊಳ್ದ್, ಕೊಡವರ ಆಯುಧಪೂಜೆಯ ಹಬ್ಬ. ಮೈಸೂರಿನ ಮನೆಗೆ ಬೀಗ ಹಾಕಿ ಒಬ್ಬಳೇ ಕಾರಿನಲ್ಲಿ ಕೊಡಗಿಗೆ ಹೊರಟಿದ್ದೆ. ಹಿಂದಿನ ಸೀಟಿನ ಮೇಲೆ ಅಪ್ಪನ ಜೋಡು ನಳಿಗೆಯ ಕೋವಿ ಉದ್ದಕ್ಕೆ ಮಲಗಿತ್ತು. ಮೇಲೆ ಏನನ್ನೂ ಹೊದಿಸಿರಲಿಲ್ಲ. ನಮ್ಮಲ್ಲಿ ಕೋವಿಯನ್ನು ಮುಚ್ಚಿಟ್ಟು ಒಯ್ಯುವ ಅಭ್ಯಾಸವೇ ಇಲ್ಲ.

ಕೊಡಗಿನ ಹೊರಗಿನವರಿಗೆ ಒಂದೆರಡು ಮಾತು ಹೇಳಲೇಬೇಕು. ನಾಟಿಯ ಕೆಲಸ ಶುರುವಾಗುವಾಗ ಒಕ್ಕದ, ಅಂದರೆ ಕುಲದ, ಆಯುಧಗಳೆಲ್ಲ ಐನ್‌ಮನೆ ಎಂಬ ಮೂಲಮನೆಯ ಪೂಜಾಕೋಣೆ ಕನ್ನಿಕೋಂಬರೆ ಸೇರುತ್ತವೆ. ನಾಟಿ ಮುಗಿದ ಮೇಲೆ ಕೈಲ್‌ಪೊಳ್ದ್ ದಿನ ಅವನ್ನು ಹೊರಗೆ ತೆಗೆದು, ದೀಪದ ಮುಂದಿಟ್ಟು, ತೋಕ್ ಪೂ ಸಿಕ್ಕಿಸಿ ಪೂಜೆ ಮಾಡುತ್ತೇವೆ. ತೋಕ್ ಅಂದರೆ ಕೋವಿ, ಪೂ ಅಂದರೆ ಹೂವು. ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು ಈಡು. ಅಪ್ಪ ಹೋದ ದಿನ ಕೇಳಿದ ಆ ಎರಡು ಈಡು ಇನ್ನೂ ನನ್ನ ಕಿವಿಯಲ್ಲಿವೆ. ಅವರಿಗೆ ಗಂಡು ಮಕ್ಕಳಿಲ್ಲ. ಕೋವಿ ನನ್ನ ಹೆಸರಿಗೆ ಬಂತು, ವರ್ಷಕ್ಕೊಮ್ಮೆ ಅದನ್ನು ತವರಿನ ಐನ್‌ಮನೆಗೆ ಮುಟ್ಟಿಸುವ ಕೆಲಸವೂ ನನ್ನದಾಯಿತು.

ಹುಣಸೂರು ದಾಟಿದ ಮೇಲೆ ಒಂದು ಊರಿನಲ್ಲಿ ಗಣೇಶನ ಬಂದೋಬಸ್ತ್ ಇತ್ತು. ಊರಿನ ಹೆಸರು ಬೇಡ. ಬ್ಯಾರಿಕೇಡ್ ಹತ್ತಿರ ಕಾರು ನಿಧಾನ ಮಾಡಿದೆ. ಕಾನ್‌ಸ್ಟೆಬಲ್ ಒಬ್ಬರು ಟಾರ್ಚ್ ಬಿಟ್ಟು ಒಳಗೆ ನೋಡಿದರು, ಎರಡು ಹೆಜ್ಜೆ ಹಿಂದೆ ಸರಿದು ಸಾಹೇಬರನ್ನು ಕೂಗಿದರು. ಅವರ ದನಿ ನಡುಗಿತ್ತು. ನನಗೆ ಅದು ಅರ್ಥವಾಗಲಿಲ್ಲ, ಅವಮಾನವಷ್ಟೇ ಆಯಿತು.

‘ಕೊಡವರು ನಾವು. ನಮಗೆ ಲೈಸನ್ಸ್ ಬೇಡ, ಗೊತ್ತಿಲ್ವಾ?’ ಅಂದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಕೋವಿಯಲ್ಲಿ ತೋಟೆ ಇಲ್ಲವೆಂದು ತೋರಿಸಲು ಹಿಂದಕ್ಕೆ ತಿರುಗಿ ಕೈ ಚಾಚಿದೆ.

‘ಕೈ ತೆಗೀರಿ! ಅಮ್ಮಾ, ಕೈ ತೆಗೀರಿ ಅಂದೆ!’

ಇಪ್ಪತ್ತೆರಡು ವರ್ಷದ ಹುಡುಗನಿರಬೇಕು. ಅವನ ಕೈಯಲ್ಲಿದ್ದದ್ದು ಲಾಠಿ ಮಾತ್ರ. ಎದುರಿಗೆ ಸಿಟ್ಟಾಗಿರುವ ಒಬ್ಬ ಅಪರಿಚಿತ ಹೆಂಗಸು, ಅವಳ ಕೈ ಕೋವಿಯ ಕಡೆಗೆ ಹೋಗುತ್ತಿದೆ. ಅವನ ಹಿಂದೆ ಮಕ್ಕಳುಮರಿ ತುಂಬಿದ ಮೆರವಣಿಗೆ. ಇದನ್ನೆಲ್ಲ ಅವನ ಕಣ್ಣಿನಿಂದ ನೋಡಲು ನನಗೆ ಎಷ್ಟೋ ದಿನ ಬೇಕಾಯಿತು.

ಎಸ್‌ಐ ಬಂದರು, ಕಾಗದ ಕೇಳಿದರು. ಜಿಲ್ಲಾಧಿಕಾರಿ ಕಚೇರಿ ಕೊಟ್ಟ ವಿನಾಯಿತಿ ಪ್ರಮಾಣಪತ್ರ ಮೈಸೂರಿನ ಮನೆಯ ಬೀರುವಿನಲ್ಲಿತ್ತು. ಹೆಸರು, ವಿಳಾಸ ಬರೆದುಕೊಂಡು ಕೋವಿಯನ್ನು ಠಾಣೆಗೆ ಒಯ್ದರು. ರಸೀದಿಯನ್ನು ಮೂರು ಸಲ ಕೇಳಿದ ಮೇಲೆ ಕೊಟ್ಟರು. ಅದು ತಪ್ಪು, ಕೇಳದೆಯೇ ಕೊಡಬೇಕಿತ್ತು ಎಂದು ಇಂದಿಗೂ ಹೇಳುತ್ತೇನೆ. ಪ್ರಮಾಣಪತ್ರ ತಂದು ತೋರಿಸಿ ಕೋವಿ ಬಿಡಿಸಿಕೊಳ್ಳುವಷ್ಟರಲ್ಲಿ ಮೂರು ದಿನ ಕಳೆದಿತ್ತು, ಕೈಲ್‌ಪೊಳ್ದ್ ಮುಗಿದಿತ್ತು. ಐನ್‌ಮನೆಯಲ್ಲಿ ಅಪ್ಪನ ಕೋವಿ ಇಡುವ ಜಾಗದಲ್ಲಿ ದೊಡ್ಡಪ್ಪ ತೋಕ್ ಪೂ ಒಂದನ್ನೇ ಇಟ್ಟು ಕೈ ಮುಗಿದರಂತೆ. ಫೋನಿನಲ್ಲಿ ಅವರು ಅದನ್ನು ಹೇಳಿದಾಗ ನನಗೆ ಉತ್ತರ ಕೊಡಲು ಆಗಲಿಲ್ಲ.

ವಕೀಲಿಕೆ ಮಾಡುವ ಸೋದರಸಂಬಂಧಿಯ ಬಳಿ ಹೋಗಿ ಪೊಲೀಸರ ಮೇಲೆ ದೂರು ಕೊಡಬೇಕೆಂದೆ. ಅವನು 1959ರ ಶಸ್ತ್ರಾಸ್ತ್ರ ಕಾಯ್ದೆಯ 19ನೇ ಸೆಕ್ಷನ್ ತೆಗೆದು ನನ್ನ ಮುಂದಿಟ್ಟ. ಆಯುಧ ಹಿಡಿದು ಹೋಗುವ ಯಾರನ್ನಾದರೂ ತಡೆದು ಯಾವ ಪೊಲೀಸ್ ಅಧಿಕಾರಿಯೂ ಲೈಸನ್ಸ್ ಕೇಳಬಹುದು. ಕೇಳಿಸಿಕೊಂಡವರು ಲೈಸನ್ಸ್ ತೋರಿಸಬೇಕು, ಇಲ್ಲವೆ ಲೈಸನ್ಸ್ ಇಲ್ಲದೆಯೂ ಒಯ್ಯುವ ಹಕ್ಕು ತಮಗಿದೆ ಎಂದು ತೋರಿಸಿಕೊಡಬೇಕು. ಎರಡೂ ಆಗದಿದ್ದರೆ ಅಧಿಕಾರಿ ಹೆಸರು, ವಿಳಾಸ ಕೇಳಬಹುದು, ಅಗತ್ಯ ಕಂಡರೆ ಆಯುಧ ವಶಪಡಿಸಿಕೊಳ್ಳಬಹುದು. ಹೆಸರು ಹೇಳಲು ಒಪ್ಪದಿದ್ದರೆ ಬಂಧಿಸಲೂಬಹುದು.

ಆ ‘ತೋರಿಸಿಕೊಡಬೇಕು’ ಅನ್ನುವುದನ್ನು ನಾನು ಅದುವರೆಗೆ ಯೋಚಿಸಿಯೇ ಇರಲಿಲ್ಲ. ವಿನಾಯಿತಿ ನಮಗೆ ರಕ್ತದಲ್ಲೇ ಬಂದದ್ದು, ಎಲ್ಲರಿಗೂ ಗೊತ್ತಿರುವುದು ಎಂದು ನಂಬಿ ಬೆಳೆದವಳು ನಾನು. ವಿನಾಯಿತಿಯೇನೋ ಹಳೆಯದು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಆಗಿನ ನಿರಾಯುಧೀಕರಣ ಕಾಯ್ದೆಯಿಂದ ಕೊಡವರನ್ನು ಹೊರಗಿಟ್ಟ. ಬೆಂಗಳೂರಿನ ಪಾರ್ಕಿಗೆ ಹೆಸರಿರುವ ಅದೇ ಕಬ್ಬನ್. ಸ್ವಾತಂತ್ರ್ಯದ ನಂತರವೂ ಕೇಂದ್ರ ಸರ್ಕಾರ ಅದನ್ನು ಮುಂದುವರಿಸಿತು. ಇಂದು ಅದು ಕೊಡವರಿಗೂ, ವಂಶಪಾರಂಪರ್ಯವಾಗಿ ಬರುವ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇದೆ. ಜಮ್ಮಾ ಭೂಮಿ ಇರುವವರಲ್ಲಿ ಬೇರೆ ಬೇರೆ ಸಮುದಾಯದವರಿದ್ದಾರೆ, ‘ಕೊಡವರಿಗೆ ಮಾತ್ರ’ ಎನ್ನುವುದು ಸರಿಯಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಇದು ಸಂವಿಧಾನಕ್ಕೆ ವಿರುದ್ಧವಲ್ಲ ಎಂದಿತು. ಆದರೆ ಇದರಲ್ಲಿ ಯಾವುದೂ ನನ್ನ ಹಣೆಯ ಮೇಲೆ ಬರೆದಿಲ್ಲ. ರಸ್ತೆಯಲ್ಲಿ ನಿಂತ ಹುಡುಗನಿಗೆ ಕಾಣುವುದು ಕೋವಿ ಮಾತ್ರ.

ಮಿತಿಗಳನ್ನೂ ಆಗಲೇ ಸರಿಯಾಗಿ ಓದಿದ್ದು. ಕೊಡಗಿನ ಹೊರಗೆ ವಾಸಿಸುವಾಗ, ಪ್ರಯಾಣ ಮಾಡುವಾಗ ಒಬ್ಬರ ಬಳಿ ಒಂದು ರೈಫಲ್ ಮತ್ತು ಅದಕ್ಕೆ 100 ಗುಂಡು, ಒಂದು ನಯನಳಿಗೆಯ (ಒಳಗೆ ಗೀರುಗಳಿಲ್ಲದ ನಳಿಗೆಯ) ಕೋವಿ ಮತ್ತು ಅದಕ್ಕೆ 500 ತೋಟೆ, ಇಷ್ಟೇ. ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಯಾದರೆ ಅಷ್ಟಕ್ಕೆ ಸಮನಾದ ಮದ್ದು, ಚರೆ. ಪಿಸ್ತೂಲು, ರಿವಾಲ್ವರ್ ಈ ವಿನಾಯಿತಿಯೊಳಗೆ ಬರುವುದೇ ಇಲ್ಲ, ಅದಕ್ಕೆ ಎಲ್ಲರಂತೆ ನಮಗೂ ಲೈಸನ್ಸ್ ಬೇಕು. ನಮ್ಮ ಹುಡುಗರಲ್ಲೇ ಎಷ್ಟೋ ಜನರಿಗೆ ಇದು ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳಲೇಬೇಕು.

ಆಮೇಲೆ ನಾನು ಒಯ್ಯುವ ರೀತಿಯೇ ಬದಲಾಯಿತು. ತೋಟೆಗಳು ಡಿಕ್ಕಿಯಲ್ಲಿ, ಬೀಗ ಹಾಕಿದ ಪೆಟ್ಟಿಗೆಯಲ್ಲಿ. ಕೋವಿ ಹಿಂದಿನ ಸೀಟಿನಲ್ಲೇ ಇರುತ್ತದೆ, ಆದರೆ ನಡುವಿಗೆ ಮಡಚಿ ಇಡುತ್ತೇನೆ. ಜೋಡು ನಳಿಗೆಯ ಕೋವಿಯನ್ನು ಹಾಗೆ ಮಡಚಿದರೆ ಎರಡೂ ನಳಿಗೆಯ ಹಿಂಬದಿ ತೆರೆದುಕೊಳ್ಳುತ್ತದೆ. ಟಾರ್ಚ್ ಬಿಟ್ಟ ಯಾರಿಗಾದರೂ ಆ ಎರಡು ಖಾಲಿ ತೂತು ಕಾಣುತ್ತವೆ, ಅದು ಸಿಡಿಯುವ ಸ್ಥಿತಿಯಲ್ಲಿಲ್ಲ ಎಂದು ನನ್ನ ಮಾತು ಬೇಡದೆಯೇ ತಿಳಿಯುತ್ತದೆ. ಡಿಕ್ಕಿಯಲ್ಲೇ ಏಕಿಡಬಾರದು ಎಂದು ಕೇಳುವವರಿದ್ದಾರೆ. ಇಡಬಹುದು. ಆದರೆ ಡಿಕ್ಕಿ ತೆಗೆದಾಗ ಥಟ್ಟನೆ ಕೋವಿ ಕಂಡರೆ ಬಚ್ಚಿಟ್ಟು ಒಯ್ಯುತ್ತಿದ್ದಳು ಅನ್ನಿಸುತ್ತದೆ. ಕಣ್ಣಿಗೆ ಕಾಣುವಂತೆ ಇಟ್ಟು ಮೊದಲೇ ಹೇಳುವುದು ನನಗೆ ಸರಿಕಂಡಿದೆ.

ಕಾಗದ ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಮುಂದಿನ ಪಕ್ಕದ ಸೀಟಿನ ಮೇಲಿರುತ್ತದೆ. ಡ್ಯಾಶ್‌ಬೋರ್ಡಿನ ಖಾನೆಯಲ್ಲಲ್ಲ. ಅಲ್ಲಿಟ್ಟರೆ ಪೊಲೀಸರ ಎದುರೇ ಕೈಯನ್ನು ಅವರಿಗೆ ಕಾಣದ ಜಾಗಕ್ಕೆ ಹಾಕಬೇಕಾಗುತ್ತದೆ. ಫೈಲಿನಲ್ಲಿ ಪ್ರಮಾಣಪತ್ರದ ಮೂಲಪ್ರತಿ, ನಾಲ್ಕು ಜೆರಾಕ್ಸ್, ಕೇಂದ್ರದ ಅಧಿಸೂಚನೆಯ ಪ್ರತಿ, ನನ್ನ ಗುರುತಿನ ಚೀಟಿ. ಅಧಿಸೂಚನೆಯಲ್ಲಿ ನಮಗೆ ಬೇಕಾದ ಸಾಲಿನ ಕೆಳಗೆ ಗೆರೆ ಎಳೆದಿದ್ದೇನೆ. ರಾತ್ರಿ ಹತ್ತು ಗಂಟೆಗೆ ಮಳೆಯಲ್ಲಿ ನಿಂತು ಇಂಗ್ಲಿಷ್ ಗೆಜೆಟ್ ಪೂರ್ತಿ ಓದಿ ಎಂದು ಯಾರಿಗೂ ಹೇಳುವಂತಿಲ್ಲ. ಕೋವಿಯ ಮೇಲಿನ ನಂಬರೂ ಪ್ರಮಾಣಪತ್ರದಲ್ಲಿರುವ ನಂಬರೂ ಒಂದೇ ಎಂದು ಹೊರಡುವ ಮುನ್ನ ಪ್ರತಿ ಸಲ ನೋಡುತ್ತೇನೆ. ಮನೆಯಲ್ಲಿ ನಾಲ್ಕಾರು ಕೋವಿ ಇರುವವರು ತಪ್ಪುವುದು ಇಲ್ಲೇ, ಅಣ್ಣನ ಕಾಗದ ಹಿಡಿದು ತಮ್ಮನ ಕೋವಿ ಒಯ್ಯುತ್ತಾರೆ.

ದಾರಿಯನ್ನೂ ಬದಲಿಸಿದೆ. ನಮ್ಮ ಕಡೆಗೆ ಹುಣಸೂರಿನಿಂದ ಆನೆಚೌಕೂರು, ತಿತಿಮತಿ, ಗೋಣಿಕೊಪ್ಪ ಹತ್ತಿರದ ದಾರಿ. ಆದರೆ ಆ ರಸ್ತೆ ನಾಗರಹೊಳೆ ಕಾಡನ್ನು ಹಾದು ಹೋಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳೊಳಗೆ ಲಿಖಿತ ಅನುಮತಿ ಇಲ್ಲದೆ ಆಯುಧ ಒಯ್ಯುವಂತಿಲ್ಲ. ಶಸ್ತ್ರಾಸ್ತ್ರ ಕಾಯ್ದೆಯ ವಿನಾಯಿತಿಯನ್ನು ಹಿಡಿದು ಅರಣ್ಯ ಇಲಾಖೆಯ ಗೇಟಿನಲ್ಲಿ ವಾದ ಮಾಡಿ ಉಪಯೋಗವಿಲ್ಲ, ಅದು ಬೇರೆಯೇ ಕಾನೂನು. ಅದಕ್ಕೆ ಕೋವಿ ಜೊತೆಗಿದ್ದರೆ ಪಿರಿಯಾಪಟ್ಟಣ, ಕುಶಾಲನಗರದ ಮೇಲೆ ಸುತ್ತಿಕೊಂಡು ಹೋಗುತ್ತೇನೆ. ಹೊತ್ತು ಹೆಚ್ಚು ಹಿಡಿಯುತ್ತದೆ, ಹಿಡಿಯಲಿ. ಮಾಕುಟ್ಟದ ಕಡೆಯಿಂದ ಕೇರಳಕ್ಕೆ ಮಾತ್ರ ಕೋವಿ ಒಯ್ಯುವುದೇ ಇಲ್ಲ, ನನಗೆ ಅಲ್ಲಿ ಅದರ ಕೆಲಸವೂ ಇಲ್ಲ.

ಈಗ ತಡೆದಾಗ ನಾನು ಮಾಡುವುದು ಇಷ್ಟು. ಬ್ಯಾರಿಕೇಡ್ ಕಂಡ ಕೂಡಲೇ ಕಾರಿನೊಳಗಿನ ದೀಪ ಹಾಕುತ್ತೇನೆ. ನಿಲ್ಲಿಸಿ, ಎಂಜಿನ್ ಆರಿಸಿ, ಗಾಜು ಪೂರ್ತಿ ಇಳಿಸಿ, ಎರಡೂ ಕೈ ಸ್ಟಿಯರಿಂಗ್ ಮೇಲೆ. ಅವರು ಕೋವಿಯನ್ನು ನೋಡುವ ಮುಂಚೆ ನಾನೇ ಹೇಳುತ್ತೇನೆ: ‘ನಮಸ್ಕಾರ ಸರ್. ಹಿಂದಿನ ಸೀಟಿನಲ್ಲಿ ಕೋವಿ ಇದೆ, ಖಾಲಿ ಇದೆ, ಮಡಚಿಟ್ಟಿದ್ದೇನೆ. ತೋಟೆ ಡಿಕ್ಕಿಯಲ್ಲಿ ಬೀಗದೊಳಗಿದೆ. ಕಾಗದ ಈ ಸೀಟಿನ ಮೇಲಿದೆ, ತೆಗೆಯಲಾ?’ ಅವರು ಹೂಂ ಅಂದ ಮೇಲೇ ಕೈ ಅಲ್ಲಾಡುವುದು. ‘ನಾವು ಕೊಡವರು’ ಎಂಬ ಮಾತು ಕಾಗದ ಅವರ ಕೈ ಸೇರಿದ ಮೇಲೆ ಬರುತ್ತದೆ, ಮೊದಲಲ್ಲ. ಮೊದಲೇ ಹೇಳಿದರೆ ಅದು ಅವರ ಅಧಿಕಾರಕ್ಕೆ ಹಾಕಿದ ಸವಾಲಿನಂತೆ ಕೇಳಿಸುತ್ತದೆ. ಕೋವಿಯನ್ನು ನೋಡಬೇಕೆಂದರೆ ನಾನು ಮುಟ್ಟುವುದಿಲ್ಲ. ‘ನೀವೇ ತೆಗೆದುಕೊಳ್ಳಿ ಸರ್, ನಾನು ಇಳಿದು ಆಚೆ ನಿಲ್ಲುತ್ತೇನೆ’ ಅನ್ನುತ್ತೇನೆ.

ಇದು ತಲೆಬಾಗುವುದಲ್ಲವೇ ಎಂದು ನಮ್ಮವರೇ ಕೆಲವರು ಕೇಳಿದ್ದಾರೆ. ಅಲ್ಲ ಎಂದೇ ನನ್ನ ಉತ್ತರ. ಅಪ್ಪನ ಕೋವಿ ಇನ್ನೊಮ್ಮೆ ಠಾಣೆಯ ಮೂಲೆಯಲ್ಲಿ ನಿಲ್ಲಬಾರದು, ಆ ಹುಡುಗನಿಗೆ ಇನ್ನೊಮ್ಮೆ ಹಾಗೆ ದನಿ ನಡುಗಬಾರದು. ಎರಡೂ ನನಗೆ ಮುಖ್ಯ.

ಕೊಡಗಿನ ಒಳಗೆ ತಡೆಯುವವರು ಕಡಿಮೆ. ಆದರೂ 2022ರ ಕೈಲ್‌ಪೊಳ್ದ್ ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆಂದು ಮನೆಯಿಂದ ಮೈದಾನಕ್ಕೆ ನಡೆದು ಹೋಗುವಾಗ ಜೀಪೊಂದು ಪಕ್ಕಕ್ಕೆ ಬಂದು ನಿಂತಿತು. ಎಸ್‌ಐ ಹೊಸಬರು, ಕಲಬುರಗಿ ಕಡೆಯವರು.

‘ಏನ್ರೀ ಅಕ್ಕೋರೆ, ಬಂದೂಕ್ ಹಿಡ್ಕೊಂಡು ಎಲ್ಲಿಗ್ ಹೊಂಟೀರಿ?’

ಕೋವಿ ಮಡಚಿ ಮುಂಗೈ ಮೇಲೆ ನೇತುಹಾಕಿಕೊಂಡಿದ್ದೆ, ನಳಿಗೆಯ ಬಾಯಿ ನೆಲದ ಕಡೆಗಿತ್ತು. ಹಾಗೇ ನಿಂತೆ. ಎಲ್ಲಿಗೆ, ಏಕೆ ಎಂದು ಹೇಳಿ, ಚೀಲದ ಹೊರಜೇಬಿನಲ್ಲಿ ಕಾಗದವಿದೆ, ನೀವೇ ತೆಗೆದು ನೋಡಿ ಅಂದೆ. ಅವರು ಜೀಪಿನಿಂದ ಇಳಿದು ಸಾವಕಾಶವಾಗಿ ಓದಿದರು, ನಂಬರ್ ತಾಳೆ ನೋಡಿದರು. ‘ನಮ್ ಕಡೆ ಹೆಣ್ಮಕ್ಕಳು ಹಿಂಗ್ ಹೊಂಟ್ರ ಊರಿಗೆ ಊರೇ ಹೊರಗ್ ಬರ್ತದ ನೋಡ್ರಿ’ ಎಂದರು. ನಳಿಗೆಗೆ ಸಿಕ್ಕಿಸಿದ್ದ ಹೂವು ಯಾವುದು ಎಂದು ಕೇಳಿದರು. ಕೆಂಪು, ಹಳದಿ ಎಸಳಿನ ಆ ಹೂವನ್ನು ತೋರಿಸಿ ತೋಕ್ ಪೂ ಅಂದೆ. ಆ ಮಧ್ಯಾಹ್ನ ಅವರು ಮೈದಾನಕ್ಕೂ ಬಂದರು, ಗುಂಡು ಹೊಡೆಯುವ ಸಾಲಿನ ಹಿಂದೆ ಜನ ಎಷ್ಟು ದೂರ ನಿಂತಿದ್ದಾರೆ ಎಂದು ನೋಡಿ ಹಗ್ಗವನ್ನು ಇನ್ನಷ್ಟು ಹಿಂದಕ್ಕೆ ಕಟ್ಟಿಸಿದರು. ಸರಿಯಾದ ಕೆಲಸ. ಶಸ್ತ್ರಾಸ್ತ್ರ ಕಾಯ್ದೆಗೆ 2019ರ ಡಿಸೆಂಬರ್‌ನಲ್ಲಿ ಆದ ತಿದ್ದುಪಡಿಯ ನಂತರ ಸಂಭ್ರಮಕ್ಕೆಂದು ಅಜಾಗರೂಕವಾಗಿ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಇಲ್ಲವೆ ಒಂದು ಲಕ್ಷದವರೆಗೆ ದಂಡ, ಇಲ್ಲವೆ ಎರಡೂ. ವಿನಾಯಿತಿ ಇರುವುದು ಕೋವಿ ಇಟ್ಟುಕೊಳ್ಳಲು, ಹೇಗೆಂದರೆ ಹಾಗೆ ಹಾರಿಸಲು ಅಲ್ಲ.

ಮೈಸೂರಿನ ನಮ್ಮ ಬಡಾವಣೆಯ ಠಾಣೆಗೆ 2019ರ ಕೊನೆಯಲ್ಲೇ ಹೋಗಿ, ಮನೆಯಲ್ಲಿ ಇಂಥ ಕೋವಿ ಇದೆ ಎಂದು ಬರೆದುಕೊಟ್ಟು ಮೊಹರು ಹಾಕಿಸಿಕೊಂಡಿದ್ದೆ. ಹಾಗೆ ಮಾಡಲು ಯಾರೂ ಹೇಳಿರಲಿಲ್ಲ. 2023ರ ಮಾರ್ಚ್ 29ಕ್ಕೆ ವಿಧಾನಸಭಾ ಚುನಾವಣೆಯ ನೀತಿಸಂಹಿತೆ ಜಾರಿಯಾದಾಗ ಅದು ನೆರವಿಗೆ ಬಂತು. ಚುನಾವಣೆ ಮುಗಿಯುವ ತನಕ ಕೋವಿ ತಂದಿಡಿ ಎಂದು ಠಾಣೆಯಿಂದ ಫೋನ್ ಬಂದಾಗ ಗಾಬರಿಯಾಗಲಿಲ್ಲ. ಠಾಣೆಗೆ ಕೋವಿ ಹಿಡಿದು ಹೋಗುವುದಕ್ಕೂ ಒಂದು ರೀತಿಯಿದೆ. ಹಗಲು ಹೊತ್ತು ಹೋದೆ, ಹೊರಡುವ ಮುನ್ನ ಫೋನ್ ಮಾಡಿದೆ. ಕೋವಿಯನ್ನು ಕಾರಿನಲ್ಲೇ ಬಿಟ್ಟು ಬರಿಗೈಯಲ್ಲಿ ಒಳಗೆ ಹೋಗಿ, ಜೊತೆಗೊಬ್ಬರು ಬನ್ನಿ ಎಂದು ಕರೆತಂದೆ. ಹಿಂದಿನ ರಾತ್ರಿ ಎಣ್ಣೆ ಹಾಕಿ ಒರೆಸಿ, ಹಿಡಿಯ ಮೇಲಿದ್ದ ಗೀರುಗಳ ಫೋಟೊ ತೆಗೆದಿಟ್ಟಿದ್ದೆ. ರಸೀದಿಯಲ್ಲಿ ನಂಬರಿನ ಜೊತೆ ‘ಸುಸ್ಥಿತಿಯಲ್ಲಿದೆ’ ಎಂದು ಬರೆಸಿದೆ. ಆ ಒಂದು ಪದ ಬರೆಸದೆ ತುಕ್ಕು ಹಿಡಿದ ನಳಿಗೆ ವಾಪಸು ತಂದವರನ್ನು ನೋಡಿದ್ದೇನೆ. ಫಲಿತಾಂಶದ ನಂತರ ಅದೇ ರಸೀದಿ ಕೊಟ್ಟು ಬಿಡಿಸಿಕೊಂಡೆ.

2019ರ ಅಕ್ಟೋಬರ್‌ನಲ್ಲಿ ಕೇಂದ್ರ ಮುಂದುವರಿಸಿದ ವಿನಾಯಿತಿ 2029ರ ಅಕ್ಟೋಬರ್ 31ರವರೆಗೆ ಇದೆ. ಆ ವರ್ಷದ ಕೈಲ್‌ಪೊಳ್ದ್ ಅದರೊಳಗೇ ಬರುತ್ತದೆ, ಸುಗ್ಗಿಯ ಹಬ್ಬ ಪುತ್ತರಿ ಬರುವುದಿಲ್ಲ. ಫೈಲಿನ ಮೇಲೆ ಆ ತಾರೀಖನ್ನು ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ಹೊಸ ಆದೇಶದ ಪ್ರತಿ ಅದರೊಳಗೆ ಸೇರುವ ತನಕ ಅಪ್ಪನ ಕೋವಿ ನನ್ನ ಕಾರು ಹತ್ತುವುದಿಲ್ಲ.