ಮೆಷಿನ್ ಬಂತು, ಬೂಸ್ಟೂ ಬಂತು

ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರ ಮೂರೆಕರೆ ಅಡಿಕೆ ತೋಟ. ಒಂದು ಮರ ವರ್ಷಕ್ಕೆ ಆರೇಳು ಹಾಳೆ, ಅಂದರೆ ಸೋಗೆಯ ಬುಡದ ಅಗಲ ಪೊರೆ, ಬೀಳಿಸುತ್ತದೆ. ಮೊದಲೆಲ್ಲ ಅದನ್ನು ಎಣಿಸಿದವರಿಲ್ಲ. ಹಸುಗೂಸನ್ನು ಮಲಗಿಸಿ ಮೀಯಿಸಲು ಒಂದು, ತೋಟಕ್ಕೆ ಹೋಗುವವರ ತಲೆಯ ಮುಟ್ಟಾಳೆಗೆ ಒಂದು, ಮಕ್ಕಳು ಕೂತು ಎಳೆಸಿಕೊಳ್ಳಲು ಒಂದು. ಉಳಿದದ್ದೆಲ್ಲ ಮರದ ಬುಡಕ್ಕೆ.

ಕೇರಳದಲ್ಲಿ 2020ರ ಜನವರಿ 1ರಿಂದ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೆ ನಿಷೇಧ ಬಂತು. ದೇಶಕ್ಕೆಲ್ಲ ಬಂದದ್ದು 2022ರ ಜುಲೈ 1ರಿಂದ. ಮದುವೆ, ಉಪನಯನ, ಬ್ರಹ್ಮಕಲಶ ಅಂತ ಹಾಳೆ ತಟ್ಟೆ ಕೇಳುವವರು ಹೆಚ್ಚಾದರು. ನಾನು ಕೂತು ಲೆಕ್ಕ ಹಾಕಿದೆ. ಸಾವಿರದಾರುನೂರು ಮರ, ಹತ್ತು ಸಾವಿರ ಹಾಳೆ. ಹರಿದದ್ದು, ಹುಳ ತಿಂದದ್ದು, ಮಳೆಗೆ ಕೊಳೆತದ್ದು ಬಿಟ್ಟರೂ ಅರ್ಧ ಸಿಕ್ಕೀತು. ಬಾಕಿಯದ್ದು ನೆರೆಕರೆಯವರಿಂದ ಕೊಂಡರಾಯಿತು.

ಸಾಲಕ್ಕೆ ಪಿಎಂಇಜಿಪಿ ಹಿಡಿದೆ, ಸಣ್ಣ ಉದ್ಯಮ ಶುರುಮಾಡುವವರಿಗೆ ಕೇಂದ್ರ ಸರ್ಕಾರದ ಯೋಜನೆ. ಹಳ್ಳಿಯ ಹೆಂಗಸರಿಗೆ ಯೋಜನಾ ವೆಚ್ಚದ ಶೇಕಡಾ 35 ಸಬ್ಸಿಡಿ ಇತ್ತು. ನಮ್ಮ ಪಾಲು ಬರೀ ಶೇಕಡಾ 5. ಆದರೆ ಜೊತೆಗೆ ಕೊಡಬೇಕಾದ ಕಾಗದಗಳೆಲ್ಲ ಮಲಯಾಳದಲ್ಲಿ. ಮಾತಾಡಿದರೆ ನನಗೆ ಅರ್ಥವಾಗುತ್ತದೆ, ಓದಲು ಕೂತರೆ ಅಕ್ಷರ ಅಕ್ಷರ ಕೂಡಿಸಬೇಕು. ಮಗ ಮೊಬೈಲ್ ಕ್ಯಾಮೆರಾ ಹಿಡಿದು ಕನ್ನಡ ಮಾಡಿಕೊಟ್ಟ. ನಮ್ಮ ಹಾಳೆಗೆ ತುಳುವಿನಲ್ಲಿ ಪಾಳೆ, ಮಲಯಾಳದಲ್ಲಿ ಪಾಳ. ಮೊಬೈಲ್ ಅದನ್ನು ರೈಲು ಹಳಿ ಅಂದುಕೊಂಡಿತು. ‘ಹಳಿ ತಟ್ಟೆ ತಯಾರಿಕಾ ಘಟಕ’ ಅಂತ ಓದಿ ಇಬ್ಬರೂ ನಕ್ಕೆವು. ಮನೆಯಲ್ಲಿ ಈಗಲೂ ನಮ್ಮ ಶೆಡ್ಡಿಗೆ ‘ರೈಲ್ವೆ’ ಅಂತಲೇ ಹೆಸರು.

ಮೊದಲು ನಾನು ನೋಡಿದ್ದು ಕಾಲಿನಲ್ಲಿ ತುಳಿಯುವ, ಗ್ಯಾಸಿನಲ್ಲಿ ಬಿಸಿಯಾಗುವ ಮೆಷಿನ್. ಶಾಖ ಎಷ್ಟಾಯಿತು ಅಂತ ವಾಸನೆಯಲ್ಲೇ ತಿಳಿಯಬೇಕು. ನಾನು ತಂದದ್ದು ಹೈಡ್ರಾಲಿಕ್, ಐದು ಡೈ, ಅಂದರೆ ತಟ್ಟೆಯ ಅಚ್ಚು. ಕರೆಂಟಿನ ಕಾಯಿಲ್, ಶಾಖ ತಾನಾಗಿ ನಿಲ್ಲುತ್ತದೆ. ನನ್ನದರಲ್ಲಿ ನೂರು ಡಿಗ್ರಿ ಆಸುಪಾಸು ಸರಿಯಾಗುತ್ತದೆ. ಜಾಸ್ತಿಯಾದರೆ ತಟ್ಟೆಯ ತಳದಲ್ಲಿ ಕಂದು ಬಳೆ ಬೀಳುತ್ತದೆ. ಕಮ್ಮಿಯಾದರೆ ಮರುದಿನ ಅಂಚು ಬಿಚ್ಚಿಕೊಂಡು ತಟ್ಟೆ ಮತ್ತೆ ಹಾಳೆಯಾಗಲು ಹೊರಡುತ್ತದೆ. ಇದನ್ನು ಕಲಿಯಲು ವಾರ ಸಾಕಾಯಿತು. ಮೆಷಿನ್ ವಿಷಯ ಅಷ್ಟೇ.

ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ.

ಹಾಳೆ ಚೆನ್ನಾಗಿ ಸಿಗುವುದು ಡಿಸೆಂಬರ್‌ನಿಂದ ಮೇ ತನಕ. ಆ ಆರು ತಿಂಗಳು ಕೂಡಿಹಾಕಿದ್ದರಲ್ಲಿ ವರ್ಷವಿಡೀ ಕೆಲಸ ನಡೆಯಬೇಕು. ಮೊದಲ ವರ್ಷ ಅಂಗಳದಲ್ಲಿ ಎರಡು ದಿನ ಬಿಸಿಲಿಗೆ ಹಾಕಿ, ಕಟ್ಟು ಕಟ್ಟಿ, ಶೆಡ್ಡಿನಲ್ಲಿ ಮಾಡಿನವರೆಗೆ ಪೇರಿಸಿದೆ. ನಾಲ್ಕು ಸಾವಿರ ಹಾಳೆ. ನೋಡಿದರೆ ಬ್ಯಾಂಕಿನಲ್ಲಿ ದುಡ್ಡಿಟ್ಟ ಹಾಗೆ ಅನಿಸುತ್ತಿತ್ತು. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಹೊರಗೆ ಮಳೆ ಬಿದ್ದರೆ ಒಳಗಿನ ಗೋಡೆಯೂ ಬೆವರುತ್ತದೆ. ಜುಲೈ ಎರಡನೇ ವಾರ ಕೆಲಸದ ಕಮಲಕ್ಕ ಒಂದು ಕಟ್ಟು ಬಿಚ್ಚಿದವರು ಸುಮ್ಮನೆ ನನ್ನ ಕಡೆ ನೋಡಿದರು. “ಅಕ್ಕಾ, ಬೂಸ್ಟು.” ಹಾಳೆಯ ಒಳಮೈ ತುಂಬ ಹಸಿರು ಕಪ್ಪು ಚುಕ್ಕಿ. ಮುಂದಿನ ಕಟ್ಟು ಬಿಚ್ಚಿದೆವು, ಅದೂ ಹಾಗೇ. ಒಂದನ್ನು ತೊಳೆದು ಒತ್ತಿ ನೋಡಿದೆ. ತಟ್ಟೆ ಬಂತು, ಚುಕ್ಕಿಯೂ ತಟ್ಟೆಯಲ್ಲೇ ಅಚ್ಚಾಗಿ ಬಂತು. ಅದರಲ್ಲಿ ಯಾರಿಗೆ ಊಟ ಬಡಿಸುವುದು? ಮುಕ್ಕಾಲು ಪಾಲು ಗೊಬ್ಬರದ ಗುಂಡಿಗೆ ಹೋಯಿತು. ಸಾಲದ ಕಂತು ಮಾತ್ರ ಬೂಸ್ಟು ಹಿಡಿಯದೆ ತಿಂಗಳು ತಿಂಗಳು ಬರುತ್ತಿತ್ತು.

ದಾರಿ ನಮ್ಮ ಅಂಗಳದಲ್ಲೇ ಇತ್ತು. ಈಚೆಗೆ ಇಲ್ಲಿ ಅಡಿಕೆ ಒಣಗಿಸಲು ಕಬ್ಬಿಣದ ಪೈಪು ಬಾಗಿಸಿ, ಮೇಲೆ ದಪ್ಪ ಪ್ಲಾಸ್ಟಿಕ್ ಶೀಟು ಹೊದೆಸಿ ಸೋಲಾರ್ ಡ್ರೈಯರ್ ಮಾಡುತ್ತಾರೆ. ನಮ್ಮ ಮಾವನೂ ಅಡಿಕೆಗೆ ಅಂತ ಒಂದು ಮಾಡಿಸಿದ್ದರು. “ಅಡಿಕೆಗೆ ಆಗುವುದು ಹಾಳೆಗೆ ಆಗದಾ?” ಅಂದರು. ಅಡಿಕೆಯನ್ನು ಹರಡಿದರೆ ಸಾಕು, ಹಾಳೆಯನ್ನು ಹಾಗೆ ಹರಡಿದರೆ ಸುರುಟಿಕೊಳ್ಳುತ್ತದೆ. ಅದಕ್ಕೆ ಅಡ್ಡಕ್ಕೆ ಬಿದಿರು ಕಟ್ಟಿ, ಹಾಳೆಗಳನ್ನು ಅದಕ್ಕೆ ಒರಗಿಸಿ ನಿಲ್ಲಿಸಿದೆವು. ಎರಡು ತುದಿಯಲ್ಲೂ ಮೇಲುಗಡೆ ಗಾಳಿಗೆ ಕಿಂಡಿ ಬಿಟ್ಟೆವು. ಅದಿಲ್ಲದಿದ್ದರೆ ಆವಿ ಶೀಟಿಗೆ ತಾಗಿ ನೀರಾಗಿ ಹಾಳೆಯ ಮೇಲೆಯೇ ಬೀಳುತ್ತದೆ. ನನಗೆ ಮಾಪಕ ಬೇಕಿಲ್ಲ. ಅಂಚು ಮಡಚಿದರೆ ಹಪ್ಪಳದ ಹಾಗೆ ಟಪ್ಪನೆ ಮುರಿಯಬೇಕು, ಬಾಗಿದರೆ ಇನ್ನೂ ಒಂದು ದಿನ. ಒಣಗಿದ್ದನ್ನು ಈಗ ಶೆಡ್ಡಿನಲ್ಲಿ ಇಡುವುದಿಲ್ಲ, ಅಡುಗೆಮನೆಯ ಮೇಲಿನ ಅಟ್ಟದಲ್ಲಿ. ಒಲೆಯ ಹೊಗೆ ಅಲ್ಲಿಗೆ ಸ್ವಲ್ಪ ಹೋಗುತ್ತದೆ. ಅಜ್ಜಿ ಕಾಲದ ಬುದ್ಧಿ ಅಲ್ವಾ! ಒತ್ತಿ ತೆಗೆದ ತಟ್ಟೆಯನ್ನೂ ಪ್ಯಾಕ್ ಮಾಡುವ ಮೊದಲು ಅರ್ಧ ದಿನ ಡ್ರೈಯರಿನಲ್ಲಿ ಇಡುತ್ತೇವೆ. ಆ ವರ್ಷದ ನಂತರ ಕಟ್ಟಿಗೆ ಕಟ್ಟು ಎಸೆದದ್ದಿಲ್ಲ.

ನೀರಿನದ್ದೂ ಹೇಳಬೇಕು. ಒತ್ತುವ ಮೊದಲು ಹಾಳೆಯನ್ನು ಕಾಲು ಗಂಟೆ ನೆನೆಸಿ ಉಜ್ಜಿ ತೊಳೆಯಬೇಕು. ನಮ್ಮದು ಗುಡ್ಡಕ್ಕೆ ಅಡ್ಡಕ್ಕೆ ಕೊರೆದ ಸುರಂಗದ ನೀರು. ಏಪ್ರಿಲ್‌ನಲ್ಲಿ ಧಾರೆ ಕಿರುಬೆರಳಿನಷ್ಟಾಗುತ್ತದೆ. ಕಾರು ತೊಳೆಯುವ ಗನ್ ತಂದ ಮೇಲೆ ಬ್ರಶ್ಶಿನ ಕೆಲಸ ತಪ್ಪಿತು, ನೀರೂ ಉಳಿಯಿತು. ಸೋಪು ಹಾಕುವುದಿಲ್ಲ, ತೊಳೆದ ನೀರು ಹಾಗೇ ತೋಟಕ್ಕೆ. ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣದ ನೀಲಿ ಕಲೆ ಇರುವ ಹಾಳೆಯನ್ನು ಮಾತ್ರ ಮುಟ್ಟುವುದಿಲ್ಲ. ಅದರಲ್ಲಿ ಮೈಲುತುತ್ತು ಇರುತ್ತದೆ. ತೊಳೆದರೂ ನನಗೆ ನಂಬಿಕೆ ಇಲ್ಲ.

ಕತ್ತರಿಸಿದ ಅಂಚು ಹಟ್ಟಿಗೆ ಹೋಗುತ್ತದೆ. ನಮ್ಮ ಗಿಡ್ಡ ದನ ಅದನ್ನು ಬೈಹುಲ್ಲಿಗಿಂತ ಇಷ್ಟಪಟ್ಟು ತಿನ್ನುತ್ತದೆ. ಆದರೂ ಒಂದು ಕೊರೆತ ಇತ್ತು. ಹಾಳೆ ಮೊದಲು ಬುಡದಲ್ಲೇ ಕರಗಿ ಮರಕ್ಕೆ ಸೇರುತ್ತಿತ್ತು. ಈಗ ನಾನು ಅದನ್ನು ಡಬ್ಬಿ ಕಟ್ಟಿ ಮಾರುತ್ತಿದ್ದೇನೆ. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರು ತೆಂಗಿನ ಗರಿಯಿಂದ ಎರೆಗೊಬ್ಬರ ಮಾಡುವ ಕ್ರಮ ಹೇಳಿಕೊಡುತ್ತಾರೆ. ಅದೇ ಕ್ರಮದಲ್ಲಿ ಸೋಗೆ, ಹಾಳೆ ಚೂರು, ಸಗಣಿ ಸೇರಿಸಿ ಎರೆ ತೊಟ್ಟಿ ಮಾಡಿದ್ದೇನೆ. ಹೋದದ್ದೆಲ್ಲ ವಾಪಸ್ ಬರುವುದಿಲ್ಲ, ಸ್ವಲ್ಪ ಬರುತ್ತದೆ.

2025ರ ಮೇ ತಿಂಗಳಲ್ಲಿ ಇನ್ನೊಂದು ಸುದ್ದಿ. ಅಡಿಕೆ ಹಾಳೆ ತಟ್ಟೆಯಿಂದ ಅಡಿಕೆಯ ರಾಸಾಯನಿಕ ಊಟಕ್ಕೆ ಇಳಿಯಬಹುದು ಅಂತ ಅಮೆರಿಕದ ಆಹಾರ, ಔಷಧ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಡಿಎ ಆಮದಿಗೆ ತಡೆ ಹಾಕಿತು. ನಾನು ರಫ್ತು ಮಾಡುವವಳಲ್ಲ. ಆದರೆ ನನ್ನಿಂದ ಕೊಳ್ಳುವ ವ್ಯಾಪಾರಿ ದೊಡ್ಡವರಿಗೆ ಕೊಡುತ್ತಿದ್ದ. ಅವನ ಫೋನ್ ನಿಂತಿತು. ಅವತ್ತಿನಿಂದ ದೂರದ ಆರ್ಡರ್ ನೆಚ್ಚುವುದು ಬಿಟ್ಟೆ. ಕುಂಬಳೆ, ಪೆರ್ಲ, ಮುಳ್ಳೇರಿಯದ ಅಡುಗೆಯವರ ವಾಟ್ಸಾಪ್ ಪಟ್ಟಿ ಮಾಡಿಕೊಂಡೆ. ಊಟಕ್ಕೆ ಎಷ್ಟು ಜನ ಅಂತ ಮೊದಲು ಗೊತ್ತಾಗುವುದು ಅಡುಗೆಯವರಿಗೆ.

ಈ ಸಲ ಡ್ರೈಯರಿನ ಶೀಟು ನಾಲ್ಕನೇ ಮಳೆಗಾಲಕ್ಕೆ ಹರಿಯಿತು. ಹೊಸತು ತರಲು ಹೋದಾಗ ಅಂಗಡಿಯವನನ್ನು ಕೇಳಿದೆ, ಹಳೆಯದನ್ನು ವಾಪಸ್ ತೆಗೆದುಕೊಳ್ಳುತ್ತೀರಾ ಅಂತ. “ಅದನ್ನು ಯಾರು ತಕ್ಕೊಳ್ತಾರೆ ಅಕ್ಕಾ, ಸುಟ್ಟುಬಿಡಿ” ಅಂದ. ಪ್ಲಾಸ್ಟಿಕ್ ತಟ್ಟೆ ತಪ್ಪಿಸಲು ಹೊರಟವಳು ನಾನು. ಮಡಚಿ ಹಟ್ಟಿಯ ಅಟ್ಟಕ್ಕೆ ಹಾಕಿದ್ದೇನೆ, ಅಲ್ಲೇ ಇದೆ.