ಮನಸ್ಸಾಕ್ಷಿಗೆ ಗಾಯವಾದವರ ಜೊತೆ ಕೂರುವ ಬಗೆ

ಗಡಿಯಿಂದ ಮರಳಿದ ಸೈನಿಕನನ್ನೋ, ಹಾಸಿಗೆ ಇಲ್ಲವೆಂದು ರೋಗಿಯನ್ನು ಹಿಂದಕ್ಕೆ ಕಳುಹಿಸಬೇಕಾಗಿ ಬಂದ ದಾದಿಯನ್ನೋ ಕಾಡುವುದು ಭಯವೊಂದೇ ಅಲ್ಲ, ಮಾಡಬಾರದ್ದನ್ನು ಮಾಡಿದೆನೆಂಬ ಅಳಲು ಕೂಡ. ವಿಯೆಟ್ನಾಂ ಯುದ್ಧದ ಮಾಜಿ ಸೈನಿಕರಿಗೆ ಚಿಕಿತ್ಸೆ ನೀಡಿದ ಅಮೆರಿಕದ ಮನೋವೈದ್ಯ ಜೊನಾಥನ್ ಶೇ, ಅಧಿಕಾರಸ್ಥರೇ ನ್ಯಾಯ ತಪ್ಪಿದಾಗಲೂ ಇಂಥ ನೈತಿಕ ಗಾಯವಾಗುತ್ತದೆ ಎಂದು ತೋರಿಸಿದರು.

ಕೋಲಾರದ ಹಳ್ಳಿಗಳಲ್ಲಿ ಇಂಥ ಗಾಯ ಹೊತ್ತವರ ಮಾತಿಗೆ ಕಿವಿಗೊಡಬಲ್ಲ ಅರ್ಚಕರು, ಪಾದ್ರಿಗಳು, ಮೌಲ್ವಿಗಳು, ಭಜನಾ ಮಂಡಳಿಯ ಹಿರಿಯರು ಮೊದಲು ಸ್ಥಳವನ್ನು ಆರಿಸಿಕೊಳ್ಳಬೇಕು. ಹತ್ತು ಜನ ಓಡಾಡುವ ಅರಳಿಕಟ್ಟೆ ಇದಕ್ಕೆ ತಕ್ಕುದಲ್ಲ. ನಡೆದದ್ದನ್ನು ವಿವರವಾಗಿ ಹೇಳೆಂದು ಒತ್ತಾಯಿಸದೆ, ಅವರು ಹೇಳಿದಷ್ಟನ್ನೇ ಕೇಳಿ. ‘ಎಲ್ಲ ಪೂರ್ವಜನ್ಮದ ಕರ್ಮ’ ಎನ್ನುವುದು ಗಾಯವನ್ನು ಕೆದಕುತ್ತದೆ. ‘ನಿನ್ನದೇನೂ ತಪ್ಪಿಲ್ಲ’ ಎಂಬ ಅವಸರದ ಸಮಾಧಾನವೂ, ನನ್ನ ದೃಷ್ಟಿಯಲ್ಲಿ, ಅವರ ಬಾಯಿ ಮುಚ್ಚಿಸುವ ಸೌಜನ್ಯವಷ್ಟೇ. ಅವರಾಗಿಯೇ ಬಯಸಿದರೆ ಮಾತ್ರ ಪ್ರಾರ್ಥನೆ, ತರ್ಪಣ, ತಪ್ಪೊಪ್ಪಿಗೆ ಅಥವಾ ನೊಂದ ಕುಟುಂಬಕ್ಕೆ ನೆರವಾಗುವಂಥ ಪ್ರಾಯಶ್ಚಿತ್ತಕ್ಕೆ ಜೊತೆಯಾಗಿ. ದೇವರ ಮೇಲೆ ಸಿಟ್ಟು ತೋಡಿಕೊಂಡರೆ ವಾದಕ್ಕಿಳಿಯಬೇಡಿ.

ಕೇಳಿದ್ದನ್ನು ಗುಟ್ಟಾಗಿಡಿ. ಆದರೆ ಸಾಯುವ ಮಾತು ಬಂದರೆ ಅವರನ್ನು ಒಂಟಿಯಾಗಿ ಬಿಡದೆ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಜಿಲ್ಲಾಸ್ಪತ್ರೆಯ ಮನೋವೈದ್ಯರ ಬಳಿಗೆ ನೀವೇ ಕರೆದೊಯ್ಯಿರಿ.