ಸಿಪಿಯು ಬಿಸಿಯಾಗುತ್ತಿದೆಯಾ? ಮೊದಲು ದೂಳು, ಆಮೇಲೆ ಪೇಸ್ಟ್

ಫ್ಯಾನ್ ಮಿಕ್ಸಿಯಂತೆ ಕೂಗುತ್ತದೆ, ಗೇಮ್ ಶುರುವಾಗಿ ಹತ್ತು ನಿಮಿಷಕ್ಕೆ ಎಲ್ಲ ನಿಧಾನ, ಒಂದೊಂದು ಸಲ ತಾನಾಗಿಯೇ ಆಫ್. ಹೋದ ಏಪ್ರಿಲ್‌ನಲ್ಲಿ ಕಲಬುರಗಿಯಿಂದ ಅಕ್ಕನ ಮಗ ಫೋನ್ ಮಾಡಿ ಹೇಳಿದ್ದು ಇದನ್ನೇ. ಅಂಗಡಿಯವರು ಮದರ್‌ಬೋರ್ಡ್ ಬದಲಿಸಬೇಕು ಅಂದಿದ್ದರಂತೆ. ‘ದುಡ್ಡು ಕೊಡೋ ಮುಂಚೆ ಪಕ್ಕದ ಮುಚ್ಚಳ ಬಿಚ್ಚಿ ಒಂದು ಫೋಟೊ ಕಳಿಸು ಮಾರಾಯ’ ಅಂದೆ. ಫೋಟೊದಲ್ಲಿ ಸಿಪಿಯು ಚಿಪ್‌ನ ಶಾಖ ಹೀರುವ ಲೋಹದ ಹೀಟ್‌ಸಿಂಕ್‌ನ ರೆಕ್ಕೆಗಳೇ ಕಾಣುತ್ತಿರಲಿಲ್ಲ. ಫ್ಯಾನ್ ಕೆಳಗೆ ಕಂಬಳಿ ಹಾಸಿದ ಹಾಗೆ ದೂಳು ಕೂತಿತ್ತು.

ನೀವೂ ಇದನ್ನು ಮನೆಯಲ್ಲೇ ಮಾಡಬಹುದು. ಆದರೆ ಬಿಚ್ಚುವ ಮೊದಲು ಅಳೆಯಿರಿ. ಕೋರ್ ಟೆಂಪ್, ಎಚ್‌ಡಬ್ಲ್ಯೂ ಮಾನಿಟರ್ ಥರದ ಉಚಿತ ಸಾಫ್ಟ್‌ವೇರ್ ಸಾಕು. ಸುಮ್ನೆ ಆನ್ ಮಾಡಿಟ್ಟಾಗ ಎಷ್ಟು ಡಿಗ್ರಿ, ಕಾಲು ಗಂಟೆ ಗೇಮ್ ಆಡಿದ ಮೇಲೆ ಎಷ್ಟು, ಆಗ ಕೋಣೆಯಲ್ಲಿ ಎಷ್ಟು, ಮೂರನ್ನೂ ಬರೆದಿಡಿ. ಕೋಣೆಯದ್ದು ಯಾಕೆ ಅಂದರೆ, ಫ್ಯಾನ್ ಊದುವುದು ಕೋಣೆಯ ಗಾಳಿಯನ್ನೇ, ಅದಕ್ಕಿಂತ ತಣ್ಣಗೆ ಮಾಡಲು ಅದರ ಕೈಲಾಗದು. ಮಡಿಕೇರಿಯಲ್ಲಿ 22 ಡಿಗ್ರಿ ಇರುವ ದಿನ ರಾಯಚೂರಿನಲ್ಲಿ 40 ಇದ್ದರೆ, ಅದೇ ಕಂಪ್ಯೂಟರ್ ಅದೇ ಕೆಲಸಕ್ಕೆ ರಾಯಚೂರಿನಲ್ಲಿ ಸುಮಾರು 18 ಡಿಗ್ರಿ ಜಾಸ್ತಿ ತೋರಿಸುತ್ತದೆ. ಬೇಸಿಗೆಯ ಲೆಕ್ಕ ಅದು, ಹೆದರಬೇಡಿ. ಈಚಿನ ಇಂಟೆಲ್ ಡೆಸ್ಕ್‌ಟಾಪ್ ಚಿಪ್‌ಗಳ ಮಿತಿ ಹೆಚ್ಚಾಗಿ 100 ಡಿಗ್ರಿ, ಎಎಂಡಿ ರೈಜನ್‌ಗಳದು ಮಾದರಿ ನೋಡಿಕೊಂಡು 90ರಿಂದ 95ರ ಹತ್ತಿರ. ಮಿತಿ ಮುಟ್ಟಿತು ಅಂದರೆ ಚಿಪ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಗೇಮ್ ನಿಧಾನವಾಗುವುದು ಅದಕ್ಕೇ.

ಈಗ ದೂಳು. ವಾರಂಟಿ ಇದ್ದರೆ, ಬಿಚ್ಚಬಹುದಾ ಎಂದು ಕಂಪನಿಗೆ ಒಂದು ಮಾತು ಕೇಳಿ. ಪವರ್ ಕೇಬಲ್ ಕಿತ್ತು, ಆನ್ ಮಾಡುವ ಬಟನ್ ಐದಾರು ಸೆಕೆಂಡ್ ಒತ್ತಿ ಹಿಡಿಯಿರಿ, ಒಳಗೆ ಉಳಿದ ಕರೆಂಟ್ ಖಾಲಿಯಾಗಲಿ. ಒಳಗೆ ಕೈ ಹಾಕುವ ಮುಂಚೆ ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹವನ್ನು ಮುಟ್ಟಿ. ಒಣ ಹವೆಯಲ್ಲಿ ನಮ್ಮ ಮೈಮೇಲಿನ ಸ್ಥಿರ ವಿದ್ಯುತ್ತೇ ಬೋರ್ಡನ್ನು ಕೆಡಿಸಬಲ್ಲದು. ಕೆಲಸ ವರಾಂಡದಲ್ಲೋ ಬಾಲ್ಕನಿಯಲ್ಲೋ ಇರಲಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಹೊಸ ಪೇಂಟ್ ಬ್ರಷ್ ಒಂದು, ಸಿಕ್ಕಿದರೆ ಸಣ್ಣ ಬ್ಲೋವರ್, ಇಷ್ಟು ಸಾಕು. ಮನೆ ಗುಡಿಸುವ ವ್ಯಾಕ್ಯೂಮ್ ಕ್ಲೀನರ್ ಬೇಡ, ಅದರ ಪೈಪಿನ ತುದಿಯಲ್ಲಿ ಸ್ಥಿರ ವಿದ್ಯುತ್ ಹುಟ್ಟುತ್ತದೆ. ಗಾಳಿ ಊದುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು, ಇದನ್ನು ತುಂಬಾ ಜನ ಮರೆಯುತ್ತಾರೆ. ಬಿಟ್ಟರೆ ಅದು ತನ್ನ ಮಿತಿ ಮೀರಿ ತಿರುಗಿ ಬೇರಿಂಗ್ ಹಾಳಾಗಬಹುದು, ಸೈಕಲ್ ಡೈನಮೋ ಹಾಗೆ ಕರೆಂಟ್ ಹುಟ್ಟಿಸಿ ಬೋರ್ಡ್‌ಗೆ ಕಳಿಸಲೂಬಹುದು. ಕ್ಯಾಬಿನೆಟ್‌ನ ಮುಂಭಾಗದ ಜಾಲರಿಯನ್ನು ಕಳಚಿ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ದಯವಿಟ್ಟು ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗಿಂತ ಹೆಚ್ಚು ಸ್ವಲ್ಪ ಹೊತ್ತು ನಿಂತಿರಬಹುದು. ಹೊರಗಿನಿಂದ ಊದಿದರೆ ಸಾಕು.

ಜೋಡಿಸಿ, ಮತ್ತೆ ಅಳೆಯಿರಿ. ಅಕ್ಕನ ಮಗನದು 97ರಿಂದ 80ಕ್ಕೆ ಇಳಿದದ್ದು ಬರೀ ಬ್ರಷ್‌ನಿಂದ. ನಿಮ್ಮದೂ ಹೀಗೆ ಇಳಿದರೆ ಅಲ್ಲಿಗೇ ನಿಲ್ಲಿಸಿ. ಚಿಪ್‌ಗೂ ಹೀಟ್‌ಸಿಂಕ್‌ಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟನ್ನು ವರ್ಷ ವರ್ಷ ಬದಲಿಸುವ ಅಗತ್ಯವಿಲ್ಲ. ದೂಳು ತೆಗೆದ ಮೇಲೂ ಬಿಸಿ ಇಳಿಯದಿದ್ದರೆ, ಪೇಸ್ಟ್ ಹಚ್ಚಿ ಮೂರ‍್ನಾಲ್ಕು ವರ್ಷ ಆಗಿದ್ದರೆ, ಅಥವಾ ಯಾವ ಕಾರಣಕ್ಕಾದರೂ ಕೂಲರ್ (ಹೀಟ್‌ಸಿಂಕ್, ಫ್ಯಾನ್ ಎರಡೂ ಸೇರಿದ್ದು) ಎತ್ತಿದರೆ, ಆಗ ಬದಲಿಸಿ.

ಈ ಪೇಸ್ಟ್ ಮಾಡುವುದಾದರೂ ಏನು? ಚಿಪ್‌ನ ಮೇಲ್ಮೈ, ಹೀಟ್‌ಸಿಂಕ್‌ನ ತಳ ಎರಡೂ ಕನ್ನಡಿಯಂತೆ ನುಣುಪಾಗಿ ಕಂಡರೂ ಕಣ್ಣಿಗೆ ಕಾಣದ ಸಣ್ಣ ತಗ್ಗುಗಳಿರುತ್ತವೆ, ಅವುಗಳಲ್ಲಿ ಗಾಳಿ ಕೂರುತ್ತದೆ. ಶಾಖ ಸಾಗಿಸುವ ಶಕ್ತಿಯಲ್ಲಿ ತಾಮ್ರ ಸುಮಾರು 400 ಅಂದುಕೊಂಡರೆ ಒಳ್ಳೆಯ ಪೇಸ್ಟ್ 4ರಿಂದ 8, ಗಾಳಿಯದು 0.03ಕ್ಕೂ ಕಡಿಮೆ. ಅಂದರೆ ಪೇಸ್ಟ್ ಲೋಹದ ಮುಂದೆ ಏನೂ ಅಲ್ಲ, ಗಾಳಿಗಿಂತ ಮಾತ್ರ ಎಷ್ಟೋ ಮೇಲು. ಅದಕ್ಕೇ ತಗ್ಗು ತುಂಬುವಷ್ಟು ಇದ್ದರೆ ಸಾಕು, ದೋಸೆಗೆ ಬೆಣ್ಣೆ ಹಚ್ಚಿದ ಹಾಗೆ ದಪ್ಪ ಬಳಿದರೆ ಶಾಖ ದಾಟುವುದು ಕಷ್ಟವಾಗುತ್ತದೆ. ಚಿಪ್ ದಿನಾ ಬಿಸಿಯಾಗಿ ತಣ್ಣಗಾಗುವಾಗ ಹಿಗ್ಗಿ ಕುಗ್ಗುತ್ತದೆ, ಪೇಸ್ಟ್ ನಿಧಾನವಾಗಿ ಅಂಚಿಗೆ ಸರಿಯುತ್ತದೆ, ಅದರ ಜಿಡ್ಡೂ ಒಣಗುತ್ತದೆ. ಹಳೆಯ ಪೇಸ್ಟ್ ಸೀಮೆಸುಣ್ಣದಂತೆ ಉದುರುವುದು ಅದಕ್ಕೇ.

ಕೂಲರ್ ತೆಗೆಯುವುದು ನಿಜಕ್ಕೂ ಹುಷಾರಾಗಿರಬೇಕಾದ ಘಟ್ಟ. ಮೊದಲು ಹತ್ತು ನಿಮಿಷ ಕಂಪ್ಯೂಟರ್ ಓಡಿಸಿ ಆಫ್ ಮಾಡಿ, ಬೆಚ್ಚಗಿದ್ದರೆ ಪೇಸ್ಟ್ ಸಡಿಲವಾಗುತ್ತದೆ. ಕೇಬಲ್ ಕಿತ್ತು ಬಟನ್ ಒತ್ತುವುದನ್ನು ಈಗಲೂ ಮರೆಯಬೇಡಿ. ಫ್ಯಾನ್ ವೈರ್ ಬಿಚ್ಚಿ. ಇಂಟೆಲ್ ಜೊತೆ ಬರುವ ಕೂಲರ್‌ಗೆ ನಾಲ್ಕು ಪ್ಲಾಸ್ಟಿಕ್ ಪಿನ್ ಇರುತ್ತವೆ, ಬಾಣ ತೋರಿಸುವ ಕಡೆ ತಿರುಗಿಸಿ ಮೇಲಕ್ಕೆ ಎಳೆಯಿರಿ. ಸ್ಕ್ರೂ ಇದ್ದರೆ ಎದುರುಬದುರು ಮೂಲೆಯವನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಆಮೇಲೆ ನೇರ ಎತ್ತಬೇಡಿ, ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಚಿ ಬಿಡಿಸಿ. ಎಎಂ4 ಸಾಕೆಟ್‌ನ (ಸಾಕೆಟ್ ಅಂದರೆ ಬೋರ್ಡ್‌ನಲ್ಲಿ ಚಿಪ್ ಕೂರುವ ಜಾಗ) ರೈಜನ್‌ಗಳಲ್ಲಿ ಇದು ಬಹಳ ಮುಖ್ಯ. ಅವುಗಳ 1331 ಪಿನ್‌ಗಳು ಇರುವುದು ಚಿಪ್‌ನ ಹೊಟ್ಟೆಯಲ್ಲೇ. ಎಳೆದರೆ ಚಿಪ್ ಕೂಲರ್‌ಗೆ ಅಂಟಿಕೊಂಡೇ ಎದ್ದು ಬರಬಹುದು, ಪಿನ್ ಬಾಗಿದರೆ ಸರಿಮಾಡಲು ಪಡುವ ಪಾಡು ಯಾರಿಗೂ ಬೇಡ.

ಹಳೆಯ ಪೇಸ್ಟ್ ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ತನ್ನಿ, ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಯಲ್ಲಿ ಐಪಿಎ ಅಂತ ಕೇಳಿ, 99 ಪರ್ಸೆಂಟ್‌ನದು ಒಳ್ಳೆಯದು. ಒಲೆ, ದೀಪದ ಹತ್ತಿರ ತರಬೇಡಿ, ತಕ್ಷಣ ಹೊತ್ತಿಕೊಳ್ಳುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಸರ್ ನಡೆಯದು, ಅದರಲ್ಲಿ ನೀರು, ಗ್ಲಿಸರಿನ್ ಇರುತ್ತವೆ. ಕನ್ನಡಕ ಒರೆಸುವಂಥ, ನೂಲು ಬಿಡದ ಬಟ್ಟೆಗೆ ನಾಲ್ಕು ಹನಿ ಹಾಕಿ ಎರಡೂ ಕಡೆ ಲೋಹ ಹೊಳೆಯುವವರೆಗೆ ಒರೆಸಿ. ಚಿಪ್ ಸಾಕೆಟ್‌ನಲ್ಲೇ ಇರಲಿ. ಒಣಗಿದ ಮೇಲೆ ನಡುವೆ ಒಂದು ಬಟಾಣಿಗಿಂತ ಚಿಕ್ಕ ಹನಿ ಪೇಸ್ಟ್ ಇಡಿ. 12ನೇ ತಲೆಮಾರಿನಿಂದೀಚಿನ ಇಂಟೆಲ್ ಚಿಪ್ ಉದ್ದಕ್ಕಿರುವುದರಿಂದ ಸಣ್ಣ ಗೆರೆಯಂತೆ ಹಾಕಿದರೆ ಮೇಲು. ಬೆರಳಲ್ಲಿ ಹರಡಬೇಡಿ, ಕೂಲರ್ ಒತ್ತಿದಾಗ ಅದೇ ಹರಡುತ್ತದೆ. ಕೂಲರನ್ನು ನೇರ ಕೆಳಗಿಳಿಸಿ, ಮತ್ತೆ ಎದುರುಬದುರು ಮೂಲೆಗಳನ್ನೇ ಬಿಗಿ ಮಾಡಿ, ಫ್ಯಾನ್ ವೈರ್ ‘ಸಿಪಿಯು ಫ್ಯಾನ್’ ಎಂದು ಬರೆದ ಕಡೆ ಸಿಕ್ಕಿಸಿ. ಟೂತ್‌ಪೇಸ್ಟ್ ಹಚ್ಚುವ ವಿಡಿಯೊ ನಂಬಬೇಡಿ, ಅದು ಬೇಗ ಒಣಗಿಹೋಗುತ್ತದೆ. ಪೇಸ್ಟ್ ಬದಲು ಹಚ್ಚುವ ದ್ರವ ಲೋಹ, ಲಿಕ್ವಿಡ್ ಮೆಟಲ್ ಕೂಡ ಮನೆಗೆ ಬೇಡ. ಅದರ ಗ್ಯಾಲಿಯಂ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ, ಚೆಲ್ಲಿದರೆ ಶಾರ್ಟ್ ಆಗುತ್ತದೆ.

ನಮ್ಮ ಮನೆಗಳ ಕಂಪ್ಯೂಟರ್ ಟೇಬಲ್‌ನಲ್ಲಿ ಕ್ಯಾಬಿನೆಟ್ ಇಡಲೆಂದೇ ಮೂರು ಕಡೆ ಮುಚ್ಚಿದ ಗೂಡು ಇರುತ್ತದಲ್ವಾ, ಅಲ್ಲಿಂದ ಅದನ್ನು ಹೊರಗೆ ತನ್ನಿ. ಬಿಟ್ಟ ಬಿಸಿಗಾಳಿಯನ್ನೇ ಅದು ಮತ್ತೆ ಎಳೆದುಕೊಳ್ಳುತ್ತದೆ. ಗೋಡೆಯಿಂದ ಅರ್ಧ ಅಡಿ ದೂರ, ನೆಲದಿಂದ ಎತ್ತರದಲ್ಲಿಡಿ, ಪೊರಕೆ ಎಬ್ಬಿಸುವ ದೂಳು ಮೊದಲು ಹೋಗುವುದು ತಳಕ್ಕೇ. ಓಡುವಾಗ ಮೇಲೆ ಬಟ್ಟೆ ಹೊದಿಸಬೇಡಿ. ಆಯುಧ ಪೂಜೆಯ ದಿನ ಹೇಗೂ ಎಲ್ಲ ಯಂತ್ರಗಳನ್ನೂ ಒರೆಸಿ ಇಡುತ್ತೇವೆ, ಅದರ ಹಿಂದಿನ ದಿನ ಇದನ್ನೂ ಬಿಚ್ಚಿ ದೂಳು ತೆಗೆಯಿರಿ. ಕುಂಕುಮ, ವಿಭೂತಿ ಮಾತ್ರ ಜಾಲರಿಯಿಂದ ದೂರದಲ್ಲಿ ಹಚ್ಚಿ.

ಪೇಸ್ಟ್ ಬದಲಿಸಿದ ಮೇಲೆ ಅಕ್ಕನ ಮಗನದು 72ಕ್ಕೆ ಬಂತು, ಕೋಣೆಯಲ್ಲಿ ಆಗ 36. ಮುಚ್ಚಳದ ಒಳಗಡೆ ಒಂದು ತುಂಡು ಟೇಪ್ ಅಂಟಿಸಿ ತಾರೀಖು, ಆ ಎರಡು ಅಂಕಿ ಬರೆಸಿದ್ದೇನೆ. ಮುಂದಿನ ಏಪ್ರಿಲ್‌ನಲ್ಲಿ ಅಳೆದಾಗ ಹೋಲಿಸಿ ನೋಡಬಹುದು.